ಕಣ್ಣಿನ ನ್ಯಾನೊ ಔಷಧ ಕೊಳ್ಳುವಾಗ ಕಣದ ಗಾತ್ರವನ್ನೂ ಬರೆಯಿರಿ: ವೈದ್ಯಕೀಯ ಸರಬರಾಜು ನಿಗಮಕ್ಕೊಂದು ಬಹಿರಂಗ ಪತ್ರ

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ನಿಯಮಿತ, ಬೆಂಗಳೂರು.

ಪ್ರತಿ: ಆರೋಗ್ಯ ಇಲಾಖೆಯ ಆಯುಕ್ತರಿಗೆ, ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ, ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ.

ವಿಷಯ: ನ್ಯಾನೊ ಕಣಗಳಿರುವ ಕಣ್ಣಿನ ಔಷಧಗಳ ಟೆಂಡರ್ ಷರತ್ತು, ಪರೀಕ್ಷೆ, ದಾಸ್ತಾನು ಮತ್ತು ಬಳಕೆ.

ಮಾನ್ಯರೇ,

ಔಷಧದ ಹೆಸರು, ಶೇಕಡಾ ಪ್ರಮಾಣ, ಬಾಟಲಿಯ ಅಳತೆ, ದರ. ಸರ್ಕಾರಿ ಖರೀದಿ ಪಟ್ಟಿಯಲ್ಲಿ ಕಣ್ಣಿನ ಔಷಧವೊಂದಕ್ಕೆ ಸಾಮಾನ್ಯವಾಗಿ ಇರುವ ಅಂಕಣಗಳು ಇಷ್ಟೇ. ನೀರಿನಲ್ಲಿ ಸಲೀಸಾಗಿ ಕರಗುವ ಔಷಧಕ್ಕೆ ಇದು ಬಹುಮಟ್ಟಿಗೆ ಸಾಲುತ್ತದೆ. ಆದರೆ ಕೆಲವು ಔಷಧಗಳು ನೀರಿನಲ್ಲಿ ಕರಗುವುದಿಲ್ಲ. ಅವನ್ನು ಕೊಬ್ಬಿನ ಗುಳ್ಳೆಯಲ್ಲೋ ಎಣ್ಣೆಯ ಹನಿಯಲ್ಲೋ ತುಂಬಿ ನ್ಯಾನೊಮೀಟರ್ ಲೆಕ್ಕದ, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕದ ಕಣಗಳನ್ನಾಗಿ ಮಾಡುತ್ತಾರೆ. ಅಲ್ಲಿ ಆ ಕಣವೇ ಅರ್ಧ ಔಷಧ. ಕಣ ಒಡೆದ ಮೇಲೂ ಲೇಬಲ್ಲಿನಲ್ಲಿ ಬರೆದ ಮಿಲಿಗ್ರಾಂ ಸೀಸೆಯೊಳಗೆ ಹಾಗೇ ಇರುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಶೇಕಡಾ 100 ಎಂದೇ ಬರುತ್ತದೆ. ಔಷಧ ಮಾತ್ರ ತಲುಪಬೇಕಾದ ಜಾಗಕ್ಕೆ ತಲುಪಿರುವುದಿಲ್ಲ. ಕೆಲವು ಔಷಧಗಳಲ್ಲಂತೂ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಕಣ್ಣಿನ ಔಷಧಗಳನ್ನು ತಯಾರಿಸುವ, ಪರೀಕ್ಷಿಸುವ, ರೋಗಿಗಳಿಗೆ ಕೊಡುವ ಕೆಲಸದಲ್ಲಿರುವ ನಾವು ತಮಗೆ ಬರೆಯುತ್ತಿರುವುದು ಈ ಒಂದು ಕಾರಣಕ್ಕೆ.

ಕಣ್ಣಿಗೆ ಇಂಥ ಕಣಗಳ ಗೊಡವೆ ಏಕೆ ಎಂದರೆ, ಔಷಧವನ್ನು ಹೊರದಬ್ಬುವುದರಲ್ಲಿ ಕಣ್ಣು ಬಲು ಚುರುಕು. ರೆಪ್ಪೆಗಳ ನಡುವೆ ನಿಂತಿರುವ ಕಣ್ಣೀರು 7ರಿಂದ 10 ಮೈಕ್ರೋಲೀಟರ್. ಬಾಟಲಿಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಕಣ್ಣು ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 30. ಮಿಕ್ಕಿದ್ದು ಕೆನ್ನೆಯ ಮೇಲೆ ಇಳಿಯುತ್ತದೆ, ಇಲ್ಲವೇ ಮೂಗಿನ ಪಕ್ಕದ ನಾಳದಿಂದ ಗಂಟಲು ಸೇರುತ್ತದೆ. ಉಳಿದುಕೊಂಡದ್ದನ್ನೂ ಹೊಸ ಕಣ್ಣೀರು ಕೆಲವೇ ನಿಮಿಷಗಳಲ್ಲಿ ತೊಳೆದುಬಿಡುತ್ತದೆ. ಅದನ್ನು ದಾಟಿದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪದ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಅದರ ಹೊರಪದರಕ್ಕೆ ಎಣ್ಣೆಯ ಗುಣದ ಔಷಧ ಬೇಕು, ನಡುವಿನ ಪದರಕ್ಕೆ ನೀರಿನ ಗುಣದ್ದು. ಹಾಗಾಗಿ ಹಾಕಿದ ಔಷಧದಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಪಾಲು ಕಾರ್ನಿಯಾ ದಾಟಿ ಒಳಗೆ ಹೋಗುತ್ತದೆ. ಕಣ್ಣಿನ ಹಿಂಬದಿಯ ರೆಟಿನಾಕ್ಕೆ ಹನಿಯಿಂದ ಏನೂ ತಲುಪುವುದಿಲ್ಲ ಎಂದೇ ಹೇಳಬೇಕು. ಅದಕ್ಕಾಗಿಯೇ ಅಲ್ಲಿಗೆ ಸೂಜಿ ಮದ್ದು.

ಸೈಕ್ಲೋಸ್ಪೊರಿನ್ ಹನಿಯನ್ನೇ ನೋಡಿ. ಕಣ್ಣೊಣಗುವ ಕಾಯಿಲೆಗೆ, ಬಿಸಿಲು ಧೂಳಿನ ಸೀಮೆಯ ಮಕ್ಕಳನ್ನು ಕಾಡುವ ವರ್ನಲ್ ಅಲರ್ಜಿಗೆ ಇದನ್ನು ಕೊಡುತ್ತಾರೆ. ವರ್ನಲ್ ಅಲರ್ಜಿಯ ಮಕ್ಕಳಿಗೆ ವರ್ಷಗಟ್ಟಲೆ ಸ್ಟೆರಾಯ್ಡ್ ಹನಿ ಹಾಕಿದರೆ ಕಣ್ಣಿನ ಒತ್ತಡ ಏರಿ, ದೃಷ್ಟಿನರ ಕೆಡಿಸುವ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ಸ್ಟೆರಾಯ್ಡ್ ಕೊಂಡು ಹಾಕುವ ಊರುಗಳಲ್ಲಿ ಇದು ಸಣ್ಣ ಅಪಾಯವಲ್ಲ. ಆದ್ದರಿಂದ ಸೈಕ್ಲೋಸ್ಪೊರಿನ್ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಗಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಯಾವ ಸೈಕ್ಲೋಸ್ಪೊರಿನ್? 2002ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರೆಸ್ಟಾಸಿಸ್, ಹರಳೆಣ್ಣೆಯ ಸಣ್ಣ ಹನಿಗಳಲ್ಲಿ ಶೇಕಡಾ 0.05ರಷ್ಟು ಔಷಧ ತುಂಬಿದ, ಹಾಲಿನಂತೆ ಕಾಣುವ ಎಮಲ್ಷನ್. 2015ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ ಶೇಕಡಾ 0.1ರ ಎಮಲ್ಷನ್ನಿನ ಹನಿಗಳಿಗೆ ಧನ ವಿದ್ಯುದಂಶವಿದೆ. ಕಣ್ಣಿನ ಮೇಲ್ಮೈಯ ಲೋಳೆಗೆ ಋಣ ವಿದ್ಯುದಂಶ ಇರುವುದರಿಂದ ಅವು ಅಲ್ಲಿ ಅಂಟಿ ನಿಲ್ಲುತ್ತವೆ. 2018ರ ಆಗಸ್ಟಿನಲ್ಲಿ ನಮ್ಮ ದೇಶದ್ದೇ ಆದ ಸನ್ ಫಾರ್ಮಾ ಕಂಪನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕ ಸೆಕ್ವಾದಲ್ಲಿ ಶೇಕಡಾ 0.09ರಷ್ಟು ಔಷಧ ಸುಮಾರು 20 ನ್ಯಾನೊಮೀಟರ್ ಗಾತ್ರದ, ಸಾಬೂನಿನಂಥ ಅಣುಗಳು ಗುಂಪುಗೂಡಿ ಆಗುವ ಮೈಸೆಲ್‌ಗಳಲ್ಲಿ ಅಡಗಿದೆ. ಕಣ ಅಷ್ಟು ಚಿಕ್ಕದಾದ್ದರಿಂದ ಬೆಳಕು ಹೆಚ್ಚು ಚೆದುರದೆ, ದ್ರವ ನೀರಿನಂತೆ ತಿಳಿಯಾಗಿ ಕಾಣುತ್ತದೆ. ಈ ಮೂರೂ ಸೈಕ್ಲೋಸ್ಪೊರಿನ್ ಹನಿಗಳೇ. ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ಮನೆ ಕೊಡುವಂತಿಲ್ಲ. ಶೇಕಡಾ ಅಂಕಿ ನೋಡಿ ಯಾವುದು ಹೆಚ್ಚು ಬಲದ್ದು ಎಂದು ತೀರ್ಮಾನಿಸುವಂತೆಯೂ ಇಲ್ಲ. ಪಟ್ಟಿಯಲ್ಲಿ ‘ಸೈಕ್ಲೋಸ್ಪೊರಿನ್ ಐ ಡ್ರಾಪ್ಸ್’ ಎಂದಷ್ಟೇ ಬರೆದರೆ ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಬರೆದವರಿಗೂ ಗೊತ್ತಿರುವುದಿಲ್ಲ.

ಇದಕ್ಕಿಂತ ಜೀವಕ್ಕೇ ಸಂಬಂಧಿಸಿದ್ದು ಲಿಪೋಸೋಮಲ್ ಆಂಫೊಟೆರಿಸಿನ್ ಬಿ, ಅಂದರೆ ಲಿಪೋಸೋಮ್ ಎಂಬ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿದ ಶಿಲೀಂಧ್ರನಾಶಕ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಮೂಗಿನಿಂದ ಕಣ್ಣಿನ ಗೂಡಿಗೆ, ಅಲ್ಲಿಂದ ಮಿದುಳಿಗೆ ಏರುತ್ತಿತ್ತು. ಕಣ್ಣನ್ನೂ ಜೀವವನ್ನೂ ಉಳಿಸಲು ಶಸ್ತ್ರಚಿಕಿತ್ಸೆಯ ಜೊತೆಗೆ ಬೇಕಾಗಿದ್ದ ಮುಖ್ಯ ಔಷಧ ಇದು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ. 60 ಕಿಲೋ ತೂಕದ ರೋಗಿಗೆ 300 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂನ 6 ವಯಲ್; ಮೂರು ವಾರಕ್ಕೆ 126 ವಯಲ್. ಅಂದಿನ ಹಾಹಾಕಾರ ಎಲ್ಲರಿಗೂ ನೆನಪಿದೆ. ಆ ಕೊರತೆಯ ನೆರಳಿನಲ್ಲಿ ಮರೆತುಹೋದ ವಿಷಯವೊಂದಿದೆ. ಸಾಮಾನ್ಯ ಆಂಫೊಟೆರಿಸಿನ್ ಕೂಡ 50 ಮಿಲಿಗ್ರಾಂ ವಯಲಿನಲ್ಲೇ ಬರುತ್ತದೆ, ಅದರ ಪುಡಿಯೂ ಹಳದಿ. ಅದರ ಪ್ರಮಾಣ ದಿನಕ್ಕೆ ಕಿಲೋಗೆ 1.5 ಮಿಲಿಗ್ರಾಂ ಎಂದೂ ಮೀರಬಾರದು. ಲಿಪೋಸೋಮಲ್ ಎಂದು ತಿಳಿದು ಇದನ್ನು ಕಿಲೋಗೆ 5 ಮಿಲಿಗ್ರಾಂ ಕೊಟ್ಟರೆ ಹೃದಯ ನಿಂತುಹೋಗಬಹುದು. ಎರಡಕ್ಕೂ ಒಂದೇ ಹೆಸರು, ಒಂದೇ ಅಂಕಿ. ಔಷಧ ತರಿಸಲು ಬರೆಯುವ ಇಂಡೆಂಟ್ ಪುಸ್ತಕದಲ್ಲಿ ‘ಆಂಫೊ-ಬಿ 50’ ಎಂದು ಬರೆಯುವ ರೂಢಿಯನ್ನು ತಾವು ಸುತ್ತೋಲೆ ಹೊರಡಿಸಿ ನಿಲ್ಲಿಸಬೇಕು. ಉಗ್ರಾಣದಲ್ಲಿ ಎರಡಕ್ಕೂ ಬೇರೆ ಬೇರೆ ಕೋಡ್ ಇರಬೇಕು, ಬೇರೆ ಕಪಾಟು ಇರಬೇಕು, ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದೊಡ್ಡಕ್ಷರದ ಪಟ್ಟಿ ಇರಬೇಕು.

ವಾರ್ಡಿನಲ್ಲಿ ಇದನ್ನು ಬೆರೆಸುವ ಕ್ರಮವೂ ಬೇರೆ. ವಯಲಿಗೆ ಇಂಜೆಕ್ಷನ್ನಿಗೆ ಬಳಸುವ ಶುದ್ಧ ನೀರು 12 ಮಿಲಿ ಹಾಕಿ, ಕೂಡಲೇ 30 ಸೆಕೆಂಡು ಜೋರಾಗಿ ಕುಲುಕಬೇಕು. ಮೆಲ್ಲಗೆ ತಿರುಗಿಸಿದರೆ ಗಂಟು ಉಳಿಯುತ್ತದೆ. ಆಗ ಮಿಲಿಗೆ 4 ಮಿಲಿಗ್ರಾಂ ಆಗುತ್ತದೆ. 300 ಮಿಲಿಗ್ರಾಂಗೆ 75 ಮಿಲಿ ಎಳೆದುಕೊಂಡು, ಜೊತೆಗೆ ಬರುವ 5 ಮೈಕ್ರಾನ್ ಫಿಲ್ಟರಿನ ಮೂಲಕ ಶೇಕಡಾ 5ರ ಡೆಕ್ಸ್ಟ್ರೋಸ್‌ಗೆ ಸೇರಿಸಿ, ಒಟ್ಟು 150ರಿಂದ 300 ಮಿಲಿ ಮಾಡಿ, ಸುಮಾರು ಎರಡು ಗಂಟೆಗಳಲ್ಲಿ ಇಳಿಸಬೇಕು. ಸಲೈನ್ ಎಲ್ಲೂ ಸೋಕಬಾರದು. ಉಪ್ಪು ತಗುಲಿದರೆ ಔಷಧ ಗರಣೆಗಟ್ಟಿ ತಳಕ್ಕೆ ಇಳಿಯುತ್ತದೆ. ತಪ್ಪು ಆಗುವುದು ಇಲ್ಲೇ: ಮೂತ್ರಪಿಂಡ ಕಾಯಲು ಮೊದಲು ಸಲೈನ್ ಇಳಿಸುತ್ತಾರೆ, ಅದು ಒಳ್ಳೆಯದೇ; ಆದರೆ ಅದೇ ನಳಿಗೆಯನ್ನು ಡೆಕ್ಸ್ಟ್ರೋಸ್‌ನಿಂದ ತೊಳೆಯದೆ ಆಂಫೊಟೆರಿಸಿನ್ ಜೋಡಿಸುತ್ತಾರೆ. ರೆಟಿನಾದ ಅಡಿಯ ರಕ್ತನಾಳಗಳನ್ನು ಲೇಸರಿನಿಂದ ಮುಚ್ಚಲು ಬಳಸುವ ವರ್ಟೆಪೋರ್ಫಿನ್‌ಗೂ ಇದೇ ನಿಯಮ. 2000ದಲ್ಲಿ ಅನುಮತಿ ಪಡೆದ ಅದೂ ಲಿಪೋಸೋಮ್ ಔಷಧವೇ, ಸಲೈನಿನಲ್ಲಿ ಅದೂ ಕೆಡುತ್ತದೆ. ಚಿಕಿತ್ಸೆಯ ದಿನಗಳಲ್ಲಿ ರಕ್ತದ ಪೊಟ್ಯಾಸಿಯಂ, ಮೆಗ್ನೀಸಿಯಂ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡುತ್ತಲೇ ಇರಬೇಕು. ಲಿಪೋಸೋಮ್ ಎಂದರೆ ಮೂತ್ರಪಿಂಡಕ್ಕೆ ಹಾನಿ ಕಡಿಮೆ, ಹಾನಿಯೇ ಇಲ್ಲ ಎಂದಲ್ಲ.

ಈಗ ಟೆಂಡರಿನ ಮಾತು. ಮೂಲ ಕಂಪನಿಯ ಲಿಪೋಸೋಮಲ್ ಆಂಫೊಟೆರಿಸಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1997ರಲ್ಲಿ. ಅದಕ್ಕೆ ಸಮ ಎಂದು ಒಪ್ಪಿದ ಮೊದಲ ಜೆನೆರಿಕ್ ಬಂದದ್ದು 2021ರ ಡಿಸೆಂಬರಿನಲ್ಲಿ. ರೆಸ್ಟಾಸಿಸ್‌ನ ಮೊದಲ ಜೆನೆರಿಕ್ 2022ರ ಫೆಬ್ರವರಿಯಲ್ಲಿ. ಪೇಟೆಂಟ್ ಜಗಳಗಳೂ ತಡ ಮಾಡಿದವು, ನಿಜ. ಆದರೂ ಎರಡು ಕಣಗಳು ಒಂದೇ ಎಂದು ತೋರಿಸುವುದು ಎರಡು ಮಾತ್ರೆಗಳು ಒಂದೇ ಎಂದು ತೋರಿಸುವಷ್ಟು ಸುಲಭವಲ್ಲ. ಆಂಫೊಟೆರಿಸಿನ್ನಿನಲ್ಲಿ ಅದೇ ಕೊಬ್ಬು, ಅದೇ ಕೊಲೆಸ್ಟೆರಾಲ್, ಅದೇ ತೂಕದಲ್ಲಿ ಹಾಕಿದರೂ ತಯಾರಿಕೆಯ ವೇಳೆ ಕಾಯಿಸಿ ಹದಗೊಳಿಸುವ ಹಂತ ಬದಲಾದರೆ ವಿಷತ್ವ ಬದಲಾಗುತ್ತದೆ. ಅದನ್ನು ಹಿಡಿಯುವ ಸರಳ ಪರೀಕ್ಷೆ ಇದೆ: ಔಷಧವನ್ನು ಕೆಂಪು ರಕ್ತಕಣಗಳ ಜೊತೆ ಇರಿಸಿ, ಎಷ್ಟು ಪ್ರಮಾಣಕ್ಕೆ ರಕ್ತಕಣಗಳಿಂದ ಅರ್ಧದಷ್ಟು ಪೊಟ್ಯಾಸಿಯಂ ಸೋರಿತು ಎಂದು ಅಳೆಯುವುದು. ಪ್ರತಿ ಬ್ಯಾಚಿಗೂ ಈ ವರದಿ ಕೇಳಿ. ಕೊಡಲಾರೆ ಎನ್ನುವವರ ಆರ್ಥಿಕ ಲಕೋಟೆಯನ್ನು ತೆರೆಯುವ ಪ್ರಮೇಯವೇ ಬರಬಾರದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಚೌಕಟ್ಟಿನಲ್ಲಿ ತಾಂತ್ರಿಕ ವಿವರಕ್ಕೊಂದು, ದರಕ್ಕೊಂದು ಎಂಬ ಎರಡು ಲಕೋಟೆ ಪದ್ಧತಿ ಇದೆಯಲ್ಲ; ಕಣದ ಷರತ್ತುಗಳನ್ನೆಲ್ಲ ತಾಂತ್ರಿಕ ಲಕೋಟೆಯಲ್ಲಿ ಇಟ್ಟರೆ, ಆಮೇಲೆ ಅತಿ ಕಡಿಮೆ ದರದವರನ್ನು ಆರಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಔಷಧ ಗುಣಮಟ್ಟದ ಅಧಿಕೃತ ಗ್ರಂಥವಾದ ಫಾರ್ಮಕೊಪಿಯಾದ ಮಿತಿಯನ್ನೇ ಬರೆದರೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಕುಲುಕಿ ಹಾಕುವ ಕಣ್ಣಿನ ಹನಿಗೆ ಅಲ್ಲಿರುವ ಮಿತಿ ಇದು: 10 ಮೈಕ್ರೋಗ್ರಾಂ ಔಷಧದಲ್ಲಿ 25 ಮೈಕ್ರಾನ್ ಮೀರಿದ ಕಣಗಳು 20ಕ್ಕಿಂತ ಹೆಚ್ಚಿರಬಾರದು, 50 ಮೈಕ್ರಾನ್ ಮೀರಿದವು ಎರಡಕ್ಕಿಂತ ಹೆಚ್ಚಿರಬಾರದು, 90 ಮೀರಿದ್ದು ಇರಲೇಬಾರದು. 25 ಮೈಕ್ರಾನ್ ಎಂದರೆ 25,000 ನ್ಯಾನೊಮೀಟರ್. 20 ನ್ಯಾನೊಮೀಟರಿನ ಔಷಧವನ್ನು ಈ ಮಿತಿಯಿಂದ ಪರೀಕ್ಷಿಸುವುದು ಜಲ್ಲಿ ಸೋಸುವ ಜರಡಿಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿದಂತೆ; ಎಲ್ಲವೂ ಪಾಸಾಗುತ್ತದೆ.

ಆದ್ದರಿಂದ ಕೇಳಬೇಕಾದ್ದು ಬೆಳಕು ಚೆದುರುವಿಕೆಯಿಂದ ಅಳೆದ ಸರಾಸರಿ ಗಾತ್ರ, ಗಾತ್ರಗಳ ಹರವು, ಶೇಕಡಾ 90ರಷ್ಟು ಕಣಗಳು ಯಾವ ಗಾತ್ರದ ಒಳಗಿವೆ ಎಂಬ ಅಂಕಿ, ಕಣದ ಮೇಲ್ಮೈ ವಿದ್ಯುದಂಶ, ಕಣದೊಳಗೆ ಇರುವ ಔಷಧ ಎಷ್ಟು ಹೊರಗೆ ಉಳಿದದ್ದು ಎಷ್ಟು, ಜೊತೆಗೆ ಆಮ್ಲೀಯತೆ, ಸ್ನಿಗ್ಧತೆ, ಆಸ್ಮೊಲಾಲಿಟಿ (ದ್ರವದಲ್ಲಿ ಕರಗಿದ ವಸ್ತುಗಳ ಸಾಂದ್ರತೆ). ಬರಿಯ ಅಂಕಿ ಸಾಲದು, ಹೇಗೆ ಅಳೆದರು ಎಂಬುದೂ ಬೇಕು. ಬೆಳಕು ಚೆದುರುವಿಕೆ ಕಣದ ವ್ಯಾಸದ ಆರನೇ ಘಾತಕ್ಕೆ ಏರುತ್ತದೆ. 20 ನ್ಯಾನೊಮೀಟರ್ ಕಣಕ್ಕಿಂತ 200 ನ್ಯಾನೊಮೀಟರ್ ಕಣ ಹತ್ತು ಲಕ್ಷ ಪಟ್ಟು ಬೆಳಕು ಚೆದುರಿಸುತ್ತದೆ. ಹಾಗಾಗಿ ಸೋಸದ ನೀರಿನಲ್ಲಿ ತೇಲುವ ಧೂಳು ಇಡೀ ಓದನ್ನು ಕೆಡಿಸುತ್ತದೆ. ಮೈಸೆಲ್ ಔಷಧವನ್ನು ಅತಿಯಾಗಿ ತೆಳು ಮಾಡಿದರೆ ಮೈಸೆಲ್‌ಗಳೇ ಬಿಚ್ಚಿಕೊಳ್ಳುತ್ತವೆ. ಯಂತ್ರ ಯಾವುದೋ ಒಂದು ಅಂಕಿ ತೋರಿಸುತ್ತದೆ, ಅದಕ್ಕೆ ಅರ್ಥವಿರುವುದಿಲ್ಲ. ಎಷ್ಟು ಪಟ್ಟು ತೆಳು ಮಾಡಿದರು, ಯಾವ ಉಷ್ಣತೆಯಲ್ಲಿ, ಎಷ್ಟು ಸಲ ಅಳೆದರು ಎಂಬುದು ವರದಿಯಲ್ಲಿ ಇರಲಿ.

ಕ್ರಿಮಿಶುದ್ಧಿಯ ಬಗ್ಗೆಯೂ ಒಂದು ಪ್ರಶ್ನೆ ಕೇಳಲೇಬೇಕು. 121 ಡಿಗ್ರಿಯ ಆಟೋಕ್ಲೇವ್ ಶಾಖವನ್ನು ಬಹಳಷ್ಟು ಲಿಪೋಸೋಮ್‌ಗಳು, ಕರಗುವ ಪಾಲಿಮರ್ ಕಣಗಳು ತಡೆಯಲಾರವು. 0.22 ಮೈಕ್ರಾನ್ ಫಿಲ್ಟರಿನಲ್ಲಿ 20 ನ್ಯಾನೊಮೀಟರ್ ಮೈಸೆಲ್ ದಾಟುತ್ತದೆ, 300 ನ್ಯಾನೊಮೀಟರ್ ಕಣ ಸಿಕ್ಕಿಕೊಳ್ಳುತ್ತದೆ. ಗಾಮಾ ಕಿರಣ ಹಾಯಿಸಿದರೆ ಪಾಲಿಮರಿನ ಸರಪಳಿ ತುಂಡಾಗಿ ಔಷಧ ಬೇಗ ಸೋರುತ್ತದೆ. ಯಾವ ದಾರಿ ಹಿಡಿದಿದ್ದಾರೆ, ಅದಾದ ಮೇಲೆ ಗಾತ್ರ ಮತ್ತೆ ಅಳೆದಿದ್ದಾರೆಯೇ ಎಂಬುದು ಗೊತ್ತಾಗಬೇಕು. ಬ್ಯಾಕ್ಟೀರಿಯಾಗಳ ವಿಷವಾದ ಎಂಡೊಟಾಕ್ಸಿನ್ ಪರೀಕ್ಷೆಗೆ ನ್ಯಾನೊ ಕಣಗಳು ಅಡ್ಡ ಬರಬಹುದು, ಇದ್ದ ವಿಷವನ್ನು ಮರೆಮಾಡಬಹುದು. ಗೊತ್ತಿರುವ ಪ್ರಮಾಣದ ಎಂಡೊಟಾಕ್ಸಿನ್ ಬೆರೆಸಿ, ಅದರ ಶೇಕಡಾ 50ರಿಂದ 200 ಮರಳಿ ಸಿಕ್ಕಿದರೆ ಮಾತ್ರ ಆ ವರದಿ ನಂಬಬಹುದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಮೇಲೆ ದ್ರಾವಣದ ಬ್ಯಾಚುಗಳ ಪರೀಕ್ಷೆ ನಾಡಿನ ಚರ್ಚೆಯಾಯಿತು. ಸಾಮಾನ್ಯ ಗ್ಲೂಕೋಸ್, ಸಲೈನ್ ಬಾಟಲಿಗೇ ಅಷ್ಟು ಎಚ್ಚರ ಬೇಕಾದರೆ ಇಂಥ ನಾಜೂಕಿನ ಔಷಧಕ್ಕೆ ಎಷ್ಟು ಬೇಡ?

ಇನ್ನು ದಾಸ್ತಾನು. ನಾವು ಮೇಲೆ ಹೆಸರಿಸಿದ ಎಮಲ್ಷನ್, ಮೈಸೆಲ್, ಲಿಪೋಸೋಮ್ ಔಷಧಗಳ ಮೂಲ ಲೇಬಲ್ಲುಗಳಲ್ಲಿ ಇರುವ ಮೇಲಿನ ಮಿತಿ 25 ಡಿಗ್ರಿ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್ ತಿಂಗಳು 40 ದಾಟುತ್ತದೆ. ಶೀಟು ಹೊದಿಸಿದ ಗೋದಾಮಿನ ಒಳಗೆ, ಮುಚ್ಚಿದ ವ್ಯಾನಿನಲ್ಲಿ ಇನ್ನೂ ಹೆಚ್ಚು. ಅಲ್ಲಿ ಎಣ್ಣೆಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಬಾಟಲಿಯ ಕತ್ತಿನಲ್ಲಿ ಎಣ್ಣೆಯ ಉಂಗುರ ಕಾಣಿಸಿದರೆ ಆ ಪೆಟ್ಟಿಗೆಯನ್ನು ಕೊಡಲೇಬಾರದು. ತಿಳಿಯಾಗಿರಬೇಕಾದ ಮೈಸೆಲ್ ದ್ರವ ಮಸುಕಾದರೂ ಅದೇ ಮಾತು. ಬಿಸಿಗೆ ಹೆದರಿ ಫ್ರಿಜ್ಜಿನ ಐಸ್ ಕಟ್ಟುವ ಪೆಟ್ಟಿಗೆಗೆ ಒತ್ತಿ ಇಡುವುದು, ಲಸಿಕೆ ಕ್ಯಾರಿಯರಿನಲ್ಲಿ ಗಟ್ಟಿ ಐಸ್ ಪ್ಯಾಕಿಗೆ ತಾಗಿಸಿ ಒಯ್ಯುವುದು ಅಷ್ಟೇ ಕೆಟ್ಟದ್ದು. ಹೆಪ್ಪುಗಟ್ಟಿ ಕರಗಿದ ಎಮಲ್ಷನ್ ಮತ್ತೆ ಮೊದಲಿನಂತಾಗುವುದಿಲ್ಲ. ಹಾಲು ಒಡೆದ ಹಾಗೆ.

ಪ್ಲಾಸ್ಟಿಕ್ ವಯಲ್‌ಗಳದ್ದು ಬೇರೆಯದೇ ತೊಂದರೆ. ಅವುಗಳ ಗೋಡೆಯಿಂದ ನೀರಿನಾವಿ ಮೆಲ್ಲಗೆ ಹೊರಹೋಗುತ್ತದೆ, ಔಷಧದ ಸಾಂದ್ರತೆ ಏರುತ್ತದೆ. ಕಂಪನಿಗಳು ಸಾಮಾನ್ಯವಾಗಿ ತೋರಿಸುವ ವರದಿ 40 ಡಿಗ್ರಿ ಮತ್ತು ಶೇಕಡಾ 75 ತೇವಾಂಶದ್ದು. ಅಷ್ಟು ತೇವದಲ್ಲಿ ನೀರಿನ ನಷ್ಟ ಕಡಿಮೆ ಕಾಣಿಸುತ್ತದೆ. ಇಂಥ ಡಬ್ಬಿಗಳಿಗೆ 40 ಡಿಗ್ರಿ ಮತ್ತು ಶೇಕಡಾ 25 ಮೀರದ ತೇವಾಂಶದಲ್ಲಿ ಮೂರು ತಿಂಗಳ ಪರೀಕ್ಷೆ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಶೇಕಡಾ 5ರಷ್ಟು ನೀರು ಹೋದರೆ ಗಮನಾರ್ಹ ಬದಲಾವಣೆ ಎಂದರ್ಥ. ನಮ್ಮ ಉತ್ತರದ ಜಿಲ್ಲೆಗಳ ಬೇಸಿಗೆ ಹೋಲುವುದು ಈ ಎರಡನೆಯದನ್ನು. ಆ ವರದಿ ಕೇಳಿ. ವಯಲ್‌ಗಳನ್ನು ಫಾಯಿಲ್ ಚೀಲದಿಂದ ತೆಗೆದು ಎಣಿಸಿ ಹಂಚಬಾರದು ಎಂದೂ ಫಾರ್ಮಸಿಸ್ಟರಿಗೆ ತಿಳಿಸಿ.

ರೋಗಿಯ ಕೈಗೆ ಕೊಡುವಾಗ ಎರಡು ನಿಮಿಷ ಹೇಳಬೇಕಾದ ಮಾತುಗಳಿವೆ. 0.4 ಮಿಲಿಯ ಒಂದು ವಯಲ್ ಒಂದು ಹೊತ್ತಿಗೆ, ಎರಡೂ ಕಣ್ಣಿಗೆ, ಉಳಿದದ್ದು ಕಸಕ್ಕೆ. ದುಬಾರಿ ಔಷಧ ಚೆಲ್ಲಲು ಮನಸ್ಸು ಬಾರದೆ ನಾಳೆಗೆ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಕ್ರಿಮಿ ತಡೆಯುವ ರಾಸಾಯನಿಕ ಇರುವುದಿಲ್ಲ. ಎಮಲ್ಷನ್ ವಯಲನ್ನು ತೆರೆಯುವ ಮೊದಲು ಕೆಲವು ಸಲ ತಲೆಕೆಳಗು ಮಾಡಿ, ಬಿಳುಪು ಒಂದೇ ಸಮ ಆಗುವಂತೆ ನೋಡಿಕೊಳ್ಳಬೇಕು. ಬೇರೆ ಹನಿ ಇದ್ದರೆ ನಡುವೆ ಹದಿನೈದು ನಿಮಿಷ ಬಿಡಲಿ. ಸೈಕ್ಲೋಸ್ಪೊರಿನ್ ಹಾಕಿದಾಗ ಉರಿಯುತ್ತದೆ, ಗುಣ ಕಾಣಲು ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಇದನ್ನು ಮೊದಲೇ ಹೇಳದಿದ್ದರೆ ಹತ್ತನೇ ದಿನಕ್ಕೆ ಬಿಟ್ಟುಬಿಡುತ್ತಾರೆ, ಕೊಂಡ ಹಣವೆಲ್ಲ ವ್ಯರ್ಥ.

ಎಲ್ಲದಕ್ಕೂ ನ್ಯಾನೊ ಬೇಕೆಂದು ನಾವು ಹೇಳುತ್ತಿಲ್ಲ. ಭತ್ತದ ಗರಿ, ಕಬ್ಬಿನ ರವುದಿ ತಾಗಿ ರೈತರ ಕಾರ್ನಿಯಾದಲ್ಲಿ ಆಗುವ ಶಿಲೀಂಧ್ರದ ಹುಣ್ಣಿಗೆ ಇಂದಿಗೂ ಮೊದಲ ಔಷಧ ಶೇಕಡಾ 5ರ ನಟಾಮೈಸಿನ್. ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ಪಾಲುದಾರಿಕೆಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೊಸ ಔಷಧ ವೊರಿಕೊನಜೋಲ್‌ಗಿಂತ ಅದೇ ಮೇಲೆಂದು ಕಂಡಿತು, ಫ್ಯುಸೇರಿಯಂ ಶಿಲೀಂಧ್ರಕ್ಕಂತೂ ಸ್ಪಷ್ಟವಾಗಿ. ಅದು ಕಾರ್ನಿಯಾದ ಆಳಕ್ಕೆ ಇಳಿಯುವುದಿಲ್ಲ, ಅದನ್ನು ನೀಗಿಸಲು ನ್ಯಾನೊ ರೂಪಗಳ ಸಂಶೋಧನೆ ನಡೆದಿದೆ, ನಡೆಯಲಿ. ಇವತ್ತಿನ ಅಗತ್ಯ ತಾಲ್ಲೂಕು ಆಸ್ಪತ್ರೆಯಲ್ಲಿ ಹುಣ್ಣನ್ನು ಕೆರೆದು, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವವರು, ಮತ್ತು ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹಾಕಲು ಸಾಕಾಗುವಷ್ಟು ನಟಾಮೈಸಿನ್.

ರೋಗ ಪತ್ತೆಯಲ್ಲಿ ನ್ಯಾನೊ ಈಗಾಗಲೇ ನಮ್ಮ ಕೈಯಲ್ಲಿದೆ. ಕೋವಿಡ್ ಆಂಟಿಜೆನ್ ಪಟ್ಟಿಯ ಕೆಂಪು ಗೆರೆಗಳಲ್ಲಿ ಬಹುಪಾಲು ಚಿನ್ನದ ನ್ಯಾನೊ ಕಣಗಳದ್ದೇ. ಅದೇ ಬಗೆಯ ಪಟ್ಟಿಗಳು ಕಣ್ಣಿನ ವೈರಸ್ ಸೋಂಕಿಗೆ, ಕಣ್ಣೀರಿನ ಉರಿಯೂತದ ಗುರುತಿಗೆ ಬಂದಿವೆ. ಕೊಳ್ಳುವುದಾದರೆ ಕರಾವಳಿಯ ಮಳೆಗಾಲ ನೆನಪಿರಲಿ: ಫಾಯಿಲ್ ಚೀಲ ಒಡೆದು ಇಟ್ಟ ಪಟ್ಟಿ ತೇವ ಹೀರಿ ಸುಳ್ಳು ಹೇಳುತ್ತದೆ, ಹೇಳಿದ ನಿಮಿಷ ದಾಟಿ ಓದಿದ ಗೆರೆಗೆ ಬೆಲೆಯಿಲ್ಲ. ಕಣ್ಣೀರಿನಲ್ಲಿ ಸಕ್ಕರೆ ಅಳೆಯುವ ಲೆನ್ಸುಗಳ ಕಡೆಗೆ ಈಗ ನೋಡಲೇಬೇಡಿ. ಗೂಗಲ್ಲಿನ ಸೋದರ ಸಂಸ್ಥೆ ವೆರಿಲಿ 2018ರಲ್ಲಿ ಅದನ್ನು ಕೈಬಿಟ್ಟದ್ದು ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನಂಬುವಂಥ ತಾಳೆ ಸಿಗಲಿಲ್ಲವೆಂದು. ಕನ್ನಡಕ ಬಿಡಿಸುವ ನ್ಯಾನೊ ಹನಿ ಎಂದು 2018ರಲ್ಲಿ ಪತ್ರಿಕೆಗಳಲ್ಲಿ ಬಂದದ್ದು ಇಸ್ರೇಲಿನಲ್ಲಿ ಹಂದಿಯ ಕಣ್ಣುಗಳ ಮೇಲೆ ಮಾಡಿದ ಪ್ರಯೋಗ. ಪೊರೆ ಕರಗಿಸುವ ನ್ಯಾನೊ ಹನಿ ಎಂದು ಯಾರಾದರೂ ಮಾರಿದರೆ ಔಷಧ ನಿಯಂತ್ರಕರು ತಡಮಾಡದೆ ಮುಟ್ಟುಗೋಲು ಹಾಕಬೇಕು. ಮನುಷ್ಯರಲ್ಲಿ ಪೊರೆಗೆ ಗೊತ್ತಿರುವ ಮದ್ದು ಶಸ್ತ್ರಚಿಕಿತ್ಸೆಯೊಂದೇ.

ನಾವು ಕೇಳುವ ಯಾವುದಕ್ಕೂ ಹೊಸ ಕಾನೂನು ಬೇಡ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರ ಅಕ್ಟೋಬರಿನಲ್ಲೇ ನ್ಯಾನೊ ಔಷಧಗಳ ಮೌಲ್ಯಮಾಪನ ಮಾರ್ಗಸೂಚಿ ಹೊರತಂದಿದೆ. ಅಳೆಯುವ ಯಂತ್ರಗಳೂ ಊರಲ್ಲೇ ಇವೆ: ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಶಿವನಪುರದ ನ್ಯಾನೊ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರ. ನ್ಯಾನೊ ಸಮ್ಮೇಳನಗಳಿಗೆ ವೇದಿಕೆ ಒದಗಿಸುವ ರಾಜ್ಯ ಸರ್ಕಾರ ಇವುಗಳಲ್ಲೊಂದರ ಜೊತೆ ಒಪ್ಪಂದ ಮಾಡಿಕೊಂಡು, ಬಂದ ಪ್ರತಿ ಬ್ಯಾಚಿನಿಂದ ಎರಡು ಮಾದರಿ ಕಳಿಸಬಹುದು. ಒಂದು ಬಂದ ವಾರದಲ್ಲೇ. ಇನ್ನೊಂದು, ಬಿಸಿಲು ಹೆಚ್ಚಿರುವ ಜಿಲ್ಲೆಯ ಉಗ್ರಾಣದಲ್ಲಿ ಮೂರು ತಿಂಗಳು ಕಳೆದ ಮೇಲೆ. ಎರಡನೆಯದು ನಮ್ಮ ಮಟ್ಟಿಗೆ ಹೆಚ್ಚು ಮುಖ್ಯ, ಏಕೆಂದರೆ ರೋಗಿಗೆ ಸಿಗುವುದು ಆ ಔಷಧವೇ. ಸ್ವಂತದ್ದೇ ಬೇಕೆಂದರೆ ಬೆಂಗಳೂರಿನ ಔಷಧ ಪರೀಕ್ಷಾ ಪ್ರಯೋಗಾಲಯಕ್ಕೆ ಬೆಳಕು ಚೆದುರುವಿಕೆಯ ಒಂದು ಯಂತ್ರ, ಅದನ್ನು ನಡೆಸಲು ತರಬೇತಾದ ಒಬ್ಬ ವಿಶ್ಲೇಷಕರು ಸಾಕು.

ಮೊದಲು ಆಂಫೊಟೆರಿಸಿನ್ನಿಂದ ಶುರು ಮಾಡಿ ಎಂದು ವಿನಂತಿ. ಎರಡು ಕೋಡ್, ಎರಡು ಕಪಾಟು, ರಕ್ತಕಣ ಪರೀಕ್ಷೆಯ ವರದಿ, ಮತ್ತು ಪ್ರತಿ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚಾದ ಈ ಸಾಲುಗಳು: ‘ಇದು ಲಿಪೋಸೋಮಲ್. ಸಾಮಾನ್ಯ ಆಂಫೊಟೆರಿಸಿನ್‌ಗೆ ಬದಲಿ ಅಲ್ಲ. 12 ಮಿಲಿ ನೀರು, 30 ಸೆಕೆಂಡು ಕುಲುಕಿ. ಡೆಕ್ಸ್ಟ್ರೋಸ್ ಮಾತ್ರ. ಸಲೈನ್ ಬೇಡ. ನಳಿಗೆ ತೊಳೆಯಿರಿ.’

ಇಂತಿ ತಮ್ಮ ವಿಶ್ವಾಸಿಗಳು,
ಕಣ್ಣಿನ ಔಷಧಗಳ ತಯಾರಿಕೆ, ಪರೀಕ್ಷೆ ಮತ್ತು ಚಿಕಿತ್ಸೆಯಲ್ಲಿ ತೊಡಗಿರುವವರು